ಹಿಂದಿನ ಗೋಡೆಯ ಬೋರ್ಡು

"ನೀನು ಆಯ್ತು ಅನ್ನೋವರೆಗೂ ನಿನ್ನ ಬೋರ್ಡಿನ ಕಡೆ ತಿರುಗಲ್ಲ ಕಣೇ," ಎಂದು ತಂಗಿ ಅಕ್ಕನಿಗೆ ಮಾತು ಕೊಟ್ಟದ್ದು ಇಬ್ಬರಿಗೂ ತಲೆತುಂಬ ಕಪ್ಪು ಕೂದಲಿದ್ದ ಕಾಲದಲ್ಲಿ.

ಈಗ ತಂಗಿಯ ತಲೆ ಪೂರಾ ಬೆಳ್ಳಗಾಗಿದೆ. ಬೆಳಕು ಹರಿಯುವ ಹೊತ್ತಿಗೆ ಕಾಲೇಜಿನ ಹಳೆಯ ಕೋಣೆಯ ಬೀಗ ತೆಗೆದು, ಕಣ್ಣು ತಗ್ಗಿಸಿ ಒಳಬಂದು, ಬಾಗಿಲ ಪಕ್ಕದ ಬೋರ್ಡಿಗೆ ಮುಖ ಕೊಟ್ಟು ನಿಲ್ಲುತ್ತಾರೆ. ಹಿಂದಿನ ಗೋಡೆಯ ಬೋರ್ಡು ಅಕ್ಕನದು. ಅಕ್ಕ ತೀರಿಕೊಂಡು ಎರಡು ವರ್ಷ. ಕಸ ಗುಡಿಸುವಾಕೆ ತಂಗಿಗೆ ಇಟ್ಟ ಹೆಸರು 'ಬೆನ್ನು ಮೇಡಂ'.

ಅಕ್ಕ-ತಂಗಿ ಗಣಿತದಲ್ಲಿ ಅಳೆಯುವ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ. ಎಲ್ಲೂ ಒಳಕ್ಕೆ ಕುಸಿಯದ, ದಿಕ್ಕುಗಳಿಗೆ ಕೊನೆಯೇ ಇಲ್ಲದ ಜಾಗ. ಗೋಡೆ ಪಕ್ಕದಲ್ಲೇ ಇದ್ದಂತೆ ಕಂಡರೂ, ನಡೆದಷ್ಟೂ ಹೆಜ್ಜೆ ಕಿರಿದಾಗುತ್ತ ಗೋಡೆ ಕೈಗೆ ಸಿಗುವುದೇ ಇಲ್ಲ. ಅದರೊಳಗಿನ ಎರಡು ಬಿಂದುಗಳ ದೂರವನ್ನು ಎರಡು ಬಗೆಯಲ್ಲಿ ಅಳೆಯಬಹುದು. ಒಳಗೆ ತಟ್ಟೆಯೊಂದನ್ನು ಇಳಿಬಿಟ್ಟು ಅಳೆಯುವುದು ತಂಗಿಯ ಪಾಲು. ಇಡೀ ಜಾಗವನ್ನೇ ಒಂದು ತಟ್ಟೆಯ ಮೇಲೆ ಇಳಿಸಿ ಅಳೆಯುವುದು ಅಕ್ಕನ ಪಾಲು. ಎರಡು ಉತ್ತರವೂ ಒಂದೇ ಆದರೆ ಲೆಕ್ಕ ಸರಿ.

ಒಮ್ಮೆ ತಂಗಿ ಅಕ್ಕನ ಬೋರ್ಡನ್ನು ಇಣುಕಿ ನೋಡಿದ್ದರು. ಅಕ್ಕನ ತಪ್ಪು ಉತ್ತರಕ್ಕೆ ತಮ್ಮದನ್ನು ಅರಿವಿಲ್ಲದೆ ಹೊಂದಿಸಿಬಿಟ್ಟರು. ಅಚ್ಚಾಗಿದ್ದ ಪ್ರಬಂಧವನ್ನು ತಲೆ ತಗ್ಗಿಸಿ ಹಿಂದಕ್ಕೆ ಪಡೆದರು. ಮಾತು ಕೊಟ್ಟದ್ದು ಆ ದಿನ.

ತಂಗಿಗೆ ಖಾಯಂ ನೌಕರಿ ಕೊನೆಗೂ ಆಗಲಿಲ್ಲ. ದಿನಕ್ಕೆ ಮೂರು ತರಗತಿ, ಆಮೇಲೆ ಮನೆಪಾಠ. ಈ ಕೊನೆಯ ಲೆಕ್ಕದಲ್ಲಿ ತಂಗಿಯ ಅರ್ಧ ಮುಗಿದಿದೆ. ಅಕ್ಕನ ಅರ್ಧ ಬಾಕಿ.

"ಅದನ್ನೂ ನೀವೇ ಮಾಡಬಹುದಲ್ಲ?" ಎಂದು ಕಸ ಗುಡಿಸುವಾಕೆ ಒಮ್ಮೆ ಕೇಳಿದ್ದಳು.

"ಮಾಡಬಹುದು. ಒಂದೇ ತಪ್ಪನ್ನ ಎರಡು ಸಲ ಮಾಡ್ತೀನಿ, ಅಷ್ಟೇ."

ಇವತ್ತು ಬೋರ್ಡುಗಳನ್ನು ಕಿತ್ತು ಪ್ರೊಜೆಕ್ಟರ್ ಪರದೆ ಹಾಕುತ್ತಾರೆ. ಕೆಲಸದವರು ಆಗಲೇ ಬಂದಿದ್ದಾರೆ. ಪೊರಕೆ ಹಿಡಿದು ಒಳಗೆ ಬಂದಾಕೆ ಅಲ್ಲೇ ನಿಂತುಬಿಡುತ್ತಾಳೆ.

"ಮೇಡಂ, ಹಿಂದೆ ಯಾರು ಬರೆದಿದ್ದು? ಸಂಜೆ ನಾನೇ ಒದ್ದೆ ಬಟ್ಟೆ ಹಾಕಿ ಒರೆಸಿದ್ನಲ್ಲ!"

ಸೀಮೆಸುಣ್ಣ ನಿಲ್ಲುತ್ತದೆ. "ಅಕ್ಷರ ಹೇಗಿದೆ?"

"ಎಡಕ್ಕೆ ವಾಲಿದೆ. ಎಡಗೈಯವರು ಬರೆದ ಹಾಗೆ."

ಅಕ್ಕ ಎಡಚಿ.

"ಕೆಳಗೆ ಜೋಡಿ ಗೆರೆ ಇದ್ಯಾ?" ಲೆಕ್ಕ ಮುಗಿದರೆ ಅಕ್ಕ ಜೋಡಿ ಗೆರೆ ಎಳೆದು 'ಆಯ್ತು' ಅನ್ನುತ್ತಿದ್ದರು.

"ಗೆರೆ ಇಲ್ಲ. ಉತ್ತರದ ಥರ ಏನೋ ಇದೆ. ಒಂದ್ಸಲ ತಿರುಗಿ ನೋಡ್ರೀ! ಜೀವಮಾನದ ಲೆಕ್ಕ ಅಲ್ವಾ?"

"ಗೆರೆ ಇಲ್ಲ ಅಂದ್ರೆ ಇನ್ನೂ ಮುಗಿಸಿಲ್ಲ. ಅವಳು ಮೊದಲಿಂದಲೂ ನಿಧಾನ," ಎಂದು ನಗುತ್ತಾರೆ.

ಕೆಲಸದವರು ಸ್ಕ್ರೂ ಬಿಚ್ಚಿ, ಹಿಂದಿನ ಬೋರ್ಡನ್ನು ಹೊತ್ತು ಬಾಗಿಲ ಕಡೆ ಬರುತ್ತಾರೆ. ಅದು ತಂಗಿಯ ಭುಜಕ್ಕೆ ತಾಗಿಕೊಂಡೇ ಹಾದುಹೋಗುತ್ತದೆ. ರವಿಕೆಯ ತೋಳಿಗೆ ಬಿಳಿ ಪುಡಿ ಅಂಟುತ್ತದೆ.

ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೊಟ್ಟ ಮಾತು ಉಳಿಯಿತು.