ಅವನ ಹೆಗಲ ಮೇಲಿದ್ದ ಚೀಲ

ವಸುಧಾ, ಆ ಚೀಲ ನನ್ನದು. ಪೇಪರಿನ ಫೋಟೋದಲ್ಲಿ ಪ್ರಸನ್ನನ ಹೆಗಲ ಮೇಲಿದ್ದ ಕಪ್ಪು ಲ್ಯಾಪ್‌ಟಾಪ್ ಚೀಲ — ಯಾವುದನ್ನು ನೋಡಿ ನೀನು ಅವನನ್ನು ಒಲ್ಲೆ ಎಂದೆಯೋ ಅದು — ನಿನ್ನ ಅಣ್ಣನದು. ಇಷ್ಟು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಅಲ್ಲ, ಸುಳ್ಳನ್ನೂ ಹೇಳಿದೆ.

ಕಾರಣ ಹೊಟ್ಟೆಕಿಚ್ಚು. ಬೇರೆ ಹೆಸರು ಇಟ್ಟು ನೋಡಿದೆ, ಯಾವುದೂ ಒಪ್ಪಲಿಲ್ಲ. ಗಚ್ಚಿಬೌಲಿಯ ಆಫೀಸಿನಲ್ಲಿ ಅವನು ನನ್ನ ಪಕ್ಕದ ಕುರ್ಚಿಯವನು, ಉಡುಪಿ ಕಡೆಯ ಹುಡುಗ. ಊರಲ್ಲಿ ತನ್ನವರೆಂದು ಯಾರೂ ಇಲ್ಲವಲ್ಲ ಎಂದು ಕಾಚಿಗೂಡದ ನಮ್ಮ ಮನೆಗೆ ಊಟಕ್ಕೆ ಕರೆತಂದವನು ನಾನೇ. ಆಮೇಲೆ ಭಾನುವಾರ ಬಂತೆಂದರೆ ಅವ್ವ ಬಿಸಿ ರೊಟ್ಟಿಯನ್ನು ಮೊದಲು ಅವನ ತಾಟಿಗೆ ಹಾಕುವಳು. ನನ್ನೊಡನೆ ಪೇಪರಿನ ಮರೆಯಿಂದಲೇ ಮಾತಾಡುವ ಅಪ್ಪ, ಅವನು ಬಂದರೆ ಪೇಪರು ಮಡಚಿಡುವರು. ಹಿತ್ತಲ ಗಿಡ ಮದ್ದಲ್ಲ — ಸರಿ, ಅದನ್ನೂ ನುಂಗಿಕೊಂಡೆ. ಆದರೆ ನಾನು ಕಾಯುತ್ತಿದ್ದ ಬಡ್ತಿ ಅವನಿಗಾಯಿತು. ಮನೆಯಲ್ಲಿ ನಿಮ್ಮಿಬ್ಬರ ಮದುವೆಯ ಮಾತು ಶುರುವಾಯಿತು. ಅವನ ಹೆಸರು ಬಂದರೆ ಸಾಕು, ನೀನು ಅಡುಗೆಮನೆಗೆ ಓಡುತ್ತಿದ್ದೆ... ನನಗೆಂದು ಇನ್ನೇನು ಉಳಿಯಿತು ಅನ್ನಿಸಿತು.

ಮುಂಬೈಯ ಕೆಲಸ ಮುಗಿಸಿ ಅವನೂ ನಾನೂ ವಿಮಾನದಲ್ಲಿ ಹಿಂತಿರುಗುತ್ತಿದ್ದೆವು. ಇಳಿಯುವ ಹೊತ್ತಿಗೆ ವಿಮಾನದ ಮುಂದಿನ ಚಕ್ರ ಹೊರಬರಲಿಲ್ಲ. ಆಗಿನ್ನೂ ವಿಮಾನ ನಿಲ್ದಾಣ ಊರೊಳಗೆ, ಬೇಗಂಪೇಟೆಯಲ್ಲಿತ್ತು. ಇಂಧನ ಉರಿದು ಕರಗಲೆಂದು ಪೈಲಟ್ ಹುಸೇನ್ ಸಾಗರ ಕೆರೆಯ ಮೇಲೆ ಸುತ್ತು ಹೊಡೆಯುತ್ತಲೇ ಇದ್ದರು. ಮೂತಿ ಹಗುರಾಗಲೆಂದು ಮುಂದಿನ ಸಾಲಿನವರನ್ನು ಹಿಂದಕ್ಕೆ ಕೂರಿಸಿದರು. ಏನೇ ಆದರೂ ಸಾಮಾನು ಮುಟ್ಟಬೇಡಿ ಎಂದು ಗಗನಸಖಿ ಮತ್ತೆ ಮತ್ತೆ ಹೇಳಿದಳು. ನಾನು ಎಲ್ಲರಂತೆ ತಲೆಯಾಡಿಸಿದೆ.

ಹಿಂದಿನ ಚಕ್ರಗಳ ಮೇಲೆ ಇಳಿದು, ಮೂತಿ ನೆಲಕ್ಕೆ ಉಜ್ಜಿ, ಕಿಡಿ, ಹೊಗೆ, ಚೀರಾಟ... ನಿಂತೊಡನೆ ನಾನು ಮಾಡಿದ್ದೇನು? ಮೇಲಿನಿಂದ ನನ್ನ ಚೀಲ ಎಳೆದುಕೊಂಡೆ. ನನ್ನ ಪ್ರಾಜೆಕ್ಟೆಲ್ಲ ಅದರಲ್ಲಿತ್ತು. ಅದರ ಪಟ್ಟಿ ಸೀಟಿಗೆ ಸಿಕ್ಕಿಕೊಂಡಿತು, ನಾನು ದಾರಿಗಡ್ಡ ನಿಂತು ಜಗ್ಗಿದೆ. ಹಿಂದಿನಿಂದ ನೂಕಾಟ. ನನ್ನ ಬೆನ್ನಿಗೇ ಇದ್ದ ಅಜ್ಜಿಯೊಬ್ಬರು ಬಿದ್ದುಬಿಟ್ಟರು. ಪ್ರಸನ್ನ ಚೀಲವನ್ನು ನನ್ನ ಕೈಯಿಂದ ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡ.

"ಓಡು ಮಾರಾಯ! ಇದಕ್ಕಾಗಿ ಸಾಯ್ಲಿಕ್ಕುಂಟಾ?"

ನಾನು ಓಡಿದೆ — ಹಿಂತಿರುಗಿ ನೋಡದೆ. ಅವನು ಅಜ್ಜಿಯನ್ನು ಎತ್ತಿಕೊಂಡು ಕಡೆಗೆ ಇಳಿದ, ಅವರನ್ನು ಆಂಬುಲೆನ್ಸಿಗೆ ಒಪ್ಪಿಸಿದ. ಅದಾದ ಮೇಲೆ ಯಾರೋ ಕಾಂಪೌಂಡಿನಾಚೆಯಿಂದ ತೆಗೆದ ಫೋಟೋದಲ್ಲಿ ಅಜ್ಜಿ ಇರಲಿಲ್ಲ, ಅವನಿದ್ದ, ಅವನ ಹೆಗಲ ಮೇಲೆ ಚೀಲವಿತ್ತು.

ಕಂಪನಿ ನಮಗೆಲ್ಲ ಒಂದೇ ಬಗೆಯ ಚೀಲ ಕೊಟ್ಟಿತ್ತು, ಅದು ಅವನದೇ ಎಂದು ಎಲ್ಲರೂ ತಿಳಿದರು. ಆಫೀಸಿನಲ್ಲಿ ಅವನು 'ಬ್ಯಾಗ್ ಬಾಬು' ಆದ. ಕರೆದಾಗ ನಗುತ್ತಿದ್ದ, ಒಮ್ಮೆ ನನ್ನ ಕಡೆ ನೋಡಿದ. ನಾನೇ ಹೇಳಲೆಂದು ಕಾದನೇನೋ... ನಾನು ಕಂಪ್ಯೂಟರಿನತ್ತ ತಿರುಗಿದೆ. ಅವನನ್ನು ಕಂಡು ಜನ ನಗುವುದು ನನಗೆ ಹಿತವಾಗಿತ್ತು, ವಸುಧಾ. ತುಂಬ ಹಿತವಾಗಿತ್ತು.

ಮನೆಯಲ್ಲಿ ಅಪ್ಪ ಫೋಟೋ ಮುಂದಿಟ್ಟು ಕೇಳಿದರು. ನೀನು ಬಾಗಿಲ ಹಿಂದೆ ನಿಂತಿದ್ದೆ.

"ನೀ ಅಲ್ಲೇ ಇದ್ದಿ. ಖರೇ ಹೇಳಪಾ, ಏನಾತು?"

"ಅಂವಗ ಜೀವಕ್ಕಿಂತ ಚೀಲ ದೊಡ್ಡದಾತ್ರಿ. ಮುದುಕಿ ಬಿದ್ದಿದ್ಲು, ಬಿಟ್ಟು ಓಡಿದ."

ನಾನು ಮಾಡಿದ್ದನ್ನು ಅಕ್ಷರಶಃ ಅವನ ಹೆಸರಿಗೆ ಬರೆದೆ. ನೀನು ಹೊರಗೆ ಬಂದು, "ಬ್ಯಾಡ್ರಿ ಅಪ್ಪಾ, ಹಂಗಾರ" ಎಂದೆ. ಮುಂದಿನ ಭಾನುವಾರ ಅವನು ಬಂದಾಗ ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಅವನು ನೀರು ಕುಡಿದು ಎದ್ದು ಹೋದ. ನನ್ನ ಹೆಸರು ಆಗಲೂ ಎತ್ತಲಿಲ್ಲ. ಆ ದೊಡ್ಡತನಕ್ಕೂ ನಾನು ಉರಿದೆ. ಅಲ್ಲಾದರೂ ಒಮ್ಮೆ ಸಣ್ಣವನಾಗಬಾರದಿತ್ತೇ?

ಮೊನ್ನೆ ಮಿಯಾಪುರದ ನಿನ್ನ ಮನೆಯಲ್ಲಿ ಟಿವಿ ನೋಡುತ್ತಿದ್ದೆವು. ಯಾವುದೋ ದೇಶದಲ್ಲಿ ಚಕ್ರ ಬಿಚ್ಚದ ವಿಮಾನ ಹೊಟ್ಟೆಯ ಮೇಲೆ ಇಳಿದಿತ್ತು. ಜನ ಸೂಟ್‌ಕೇಸ್ ಹಿಡಿದು ಜಾರುತ್ತಿದ್ದರು. ನಿನ್ನ ಮಗಳು ನಕ್ಕಳು. ನೀನು ಅವಳಿಗೆ ಹೇಳಿದೆ: "ಇಂಥಾವನ ಜೋಡಿ ನನ್ನ ಲಗ್ನ ಆಗೋದಿತ್ತು. ನಿಮ್ಮ ಮಾಮಾ ಉಳಿಸಿದ ನನ್ನ."

ಹೇಳಿ ನನ್ನತ್ತ ನೋಡಿದೆ, ಎಷ್ಟು ಪ್ರೀತಿಯಿಂದ... ನಾನು ಚಹಾ ಕುಡಿದು ಎದ್ದು ಬಂದೆ.

ಪ್ರಸನ್ನ ಎಲ್ಲಿದ್ದಾನೋ ಹುಡುಕುತ್ತೇನೆ. ಆದರೆ ಮೊದಲು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿದ ಮೇಲೆ ಮಗಳಿಗೂ ಓದಿ ಹೇಳು. ಕ್ಷಮಿಸು ಎಂದು ಕೇಳಲಾರೆ. ಬಿದ್ದ ಅಜ್ಜಿಯನ್ನು ಬಿಟ್ಟು ಓಡಿದವನಿಗೆ ನೀನು ಇಷ್ಟು ವರ್ಷವೂ ರಾಖಿ ಕಟ್ಟುತ್ತ ಬಂದಿದ್ದೀ.