ಕೌಸಲ್ಯಮ್ಮನ ನಲವತ್ತೆರಡನೆಯ ನಾಯಿ

ಚೆನ್ನೈನ ಮೈಲಾಪೂರಿನಲ್ಲಿ ನಾಯಿ ಕಳೆದುಕೊಂಡವರು ಮೊದಲು ದೇವರಿಗೆ ಹರಕೆ ಹೊರುತ್ತಾರೆ, ಆಮೇಲೆ ಕೌಸಲ್ಯಮ್ಮನ ಮನೆಯ ಗಂಟೆ ಒತ್ತುತ್ತಾರೆ. ಹೆಸರು ದೇವರಿಗೆ, ಓಡಾಟ ಈಕೆಗೆ. ವಿಮಾ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ವಿಳಾಸ ತಪ್ಪಿದ ಕಾಗದವನ್ನು ಮನೆ ಮುಟ್ಟಿಸದೆ ಬಿಟ್ಟವಳಲ್ಲ. ಈಗ ಕಾಗದದ ಜಾಗದಲ್ಲಿ ನಾಯಿ, ಅಷ್ಟೇ.

“ನಾಯಿಯ ವಿಳಾಸ ಅದರ ಹೊಟ್ಟೇಲಿರುತ್ತೆ ಕಣ್ರೀ” ಅನ್ನುತ್ತಿದ್ದಳು. ಸಿಕ್ಕಿದ ನಾಯಿಯ ಮುಂದೆ ಮೂರು ತಟ್ಟೆ ಇಡುವಳು: ಮೊಸರನ್ನ, ಅಂಗಡಿಯ ನಾಯಿಬಿಸ್ಕತ್ತು, ಒಣಮೀನು. ಮೀನಿನ ತಟ್ಟೆ ಮಾತ್ರ ಗೇಟಿನಾಚೆ, ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಮ್ಮನ ಕೈಯಿಂದ. ಕೌಸಲ್ಯಮ್ಮ ಮೂಗಿಗೆ ಸೆರಗು ಹಿಡಿದು ದೂರದಿಂದ ನೋಡುವಳು. ಮೊಸರನ್ನಕ್ಕೆ ಬಾಯಿ ಹಾಕಿತೋ, ದೇವಸ್ಥಾನದ ಸುತ್ತಲಿನ ಬೀದಿಗಳನ್ನು ಹುಡುಕಬೇಕು. ಬಿಸ್ಕತ್ತಾದರೆ ದೊಡ್ಡ ಅಪಾರ್ಟ್‌ಮೆಂಟು. ಮೀನಾದರೆ ಕಡಲ ಕಡೆ. ಒಮ್ಮೆ ಮೀನಿನ ನಾಯಿಯೊಂದನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ, ಕಾಸಿಮೇಡಿನ ಮೀನು ಹರಾಜಿನ ಗದ್ದಲದ ನಡುವೆ ಅದರ ಯಜಮಾನನನ್ನು ಹಿಡಿದಿದ್ದಳು. ಹೀಗೆ ನಲವತ್ತೊಂದು ನಾಯಿ ಮನೆ ಸೇರಿದ್ದವು. ಸಿಕ್ಕಿದ ನಾಯಿಯನ್ನು ಸದ್ದಿಲ್ಲದೆ ಇಟ್ಟುಕೊಂಡವರನ್ನು ಕಂಡರೆ ಆಕೆಗೆ ಬೆಂಕಿ. “ಇನ್ನೊಬ್ಬರ ಕಾಗದ ಒಡೆದು ಓದಿದ ಹಾಗೆ. ಕಳ್ಳತನ!”

ಇಂಥ ಹೆಂಗಸಿಗೆ ಒಂದೇ ಒಂದು ರೋಗ, ಹೊಟ್ಟೆಕಿಚ್ಚು. ಯಾರ ಒಡವೆಗೂ ಅಲ್ಲ, ಸೀರೆಗೂ ಅಲ್ಲ. ಗುರುವಾರ ರಾಯರ ಮಠದಲ್ಲಿ ಯಾರದಾದರೂ ಮೊಮ್ಮಗು “ಅಜ್ಜೀ, ನೀರು ಕೊಡು” ಅಂದುಬಿಟ್ಟರೆ ಸಾಕು, ಆ ದಿನ ಈಕೆಗೆ ತೀರ್ಥವೂ ಗಂಟಲಲ್ಲಿ ಇಳಿಯದು. ಯಾಕೆಂದರೆ ತನ್ನ ಮನೆಯಲ್ಲಿ ಮೊಮ್ಮಗಳು ಶ್ರೀಯಾ ಇದ್ದಾಳೆ, ಒಂಬತ್ತನೇ ಕ್ಲಾಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ತಮಿಳು. “ಊಟಕ್ಕೆ ಬಾರೇ” ಅಂದರೆ “ವೇಂಡಾಂ ಪಾಟ್ಟಿ.” ಬೇಡ ಅನ್ನುವುದಕ್ಕೂ ಈ ಅಜ್ಜಿಯ ಭಾಷೆ ಬೇಡ!

ಈ ಸಲದ ದೀಪಾವಳಿಯ ಮರುದಿನ ಬೆಳಿಗ್ಗೆ, ಕಾರಿನ ಕೆಳಗೆ ನಡುಗುತ್ತಾ ಕೂತಿದ್ದ ಕಂದು ನಾಯಿಯೊಂದು ಸಿಕ್ಕಿತು. ಎಡಗಿವಿ ಮಡಿಚಿಕೊಂಡಿತ್ತು. ಪಟಾಕಿ ಸರಕ್ಕೆ ಹೆದರಿ ಓಡಿದ್ದಿರಬೇಕು, ಕೊರಳಪಟ್ಟಿಯೂ ಇಲ್ಲ. ಮೂರು ತಟ್ಟೆ ಇಟ್ಟಳು. ನಾಯಿ ಒಂದನ್ನೂ ಮುಟ್ಟಲಿಲ್ಲ. ಮುಂಗಾಲು ಜೋಡಿಸಿ, ಜೊಲ್ಲು ಸುರಿಸುತ್ತಾ, ತಟ್ಟೆ ಬಿಟ್ಟು ಕೌಸಲ್ಯಮ್ಮನ ಮುಖ ನೋಡುತ್ತಿತ್ತು. ಶ್ರೀಯಾ ಅದರ ಫೋಟೋ ತೆಗೆದು ವಾಟ್ಸಾಪಿನ ಹತ್ತು ಗುಂಪಿಗೆ ಹಾಕಿದಳು. ಯಾರೂ ನಮ್ಮದು ಅನ್ನಲಿಲ್ಲ. ಎರಡು ದಿನ ನೀರೊಂದೇ. ಡಾಕ್ಟರು ನೋಡಿ ಕಾಯಿಲೆ ಏನೂ ಇಲ್ಲ ಅಂದರು.

ಮೂರನೆಯ ದಿನ ಬೇಸತ್ತು, ಮೊಸರನ್ನವನ್ನು ಕಾಗೆಗಾದರೂ ಇಡೋಣ ಎಂದು ಕಟ್ಟೆಯ ಮೇಲೆ ಸುರಿದು, ಅಭ್ಯಾಸಬಲದಿಂದ “ಕೃಷ್ಣಾರ್ಪಣ” ಅಂದಳು. ಅಂದದ್ದೇ ತಡ, ನಾಯಿ ಹಾರಿ ಬಂದು ಒಂದಗಳೂ ಬಿಡದೆ ನೆಕ್ಕಿತು!

ಕೌಸಲ್ಯಮ್ಮ ಅದರ ಮುಂದೆ ಕುಕ್ಕರಿಸಿದಳು. “ಅಯ್ಯೋ, ಕನ್ನಡದ ಮನೆಯ ಕೂಸಲ್ಲವೇನೋ ನೀನು! ಬಾರೋ, ಕೂತ್ಕೋ” ಅಂದಳು. ಬಂತು, ಕೂತಿತು. ಶ್ರೀಯಾ ತಮಿಳಿನಲ್ಲಿ “ವಾಡಾ” ಎಂದು ಕರೆದರೆ ಕಿವಿ ಕೂಡ ಅಲ್ಲಾಡದು.

ವಿಳಾಸ ಆವತ್ತೇ ಗೊತ್ತಾಯಿತು ಅನ್ನಿ. ಇಷ್ಟು ದೊಡ್ಡ ಚೆನ್ನೈನಲ್ಲಿ ನಾಯಿಗೂ ಕೃಷ್ಣಾರ್ಪಣ ಹೇಳಿ ಬಡಿಸುವವರು ಎಷ್ಟು ಮನೆ? ಗುರುವಾರ ಮಠದಲ್ಲಿ ನಾಲ್ಕು ಜನರ ಕಿವಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಕೌಸಲ್ಯಮ್ಮ ಮಠಕ್ಕೇ ಹೋಗಲಿಲ್ಲ. ಮಂಡಿನೋವು ಅಂದಳು. ಮುಂದಿನ ಗುರುವಾರವೂ ಮಂಡಿನೋವೇ.

ಒಳಗಿನ ನೋವು ಬೇರೆ. ಎಂಥ ಪುಣ್ಯವಂತರ ಮನೆ ಅದು! ನಾಯಿಗೇ ಇಷ್ಟು ಕನ್ನಡವಿದ್ದರೆ ಅಲ್ಲಿನ ಮಕ್ಕಳಿಗೆ ಎಷ್ಟಿರಬೇಡ? ಅವರಿಗೆ ಅಷ್ಟೆಲ್ಲ ಇರುವಾಗ ಇದೊಂದು ನನಗಿರಲಿ. ಅದೂ ಅಲ್ಲದೆ ಮನೆಯಲ್ಲಿ ಇನ್ನೊಂದು ಪವಾಡ ಶುರುವಾಗಿತ್ತು. ನಾಯಿ ತಮಿಳಿಗೆ ಬಗ್ಗದು ಎಂದು ಶ್ರೀಯಾ ಕನ್ನಡಕ್ಕೆ ಇಳಿದಿದ್ದಳು. “ಬಾ ಕಂದ, ಎಲ್ಲಿ ಹೋಗಿದ್ದೆ? ಹಸಿವಾ? ಅಯ್ಯೋ ನನ್ನ ರಾಜ!” ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಅಜ್ಜಿಗೆ ಕಣ್ಣು ತುಂಬಿತು. ಒಳಗೆ ಹೋಗಿ, “ನನಗೂ ಒಂದು ಮಾತು ಹಾಗೇ ಆಡೇ” ಎಂದಳು.

“ಚುಮ್ಮಾ ಇರು ಪಾಟ್ಟಿ!” ಎಂದು ನಕ್ಕಳು ಹುಡುಗಿ. ಸುಮ್ಮನಿರಬೇಕಂತೆ. ನಾಯಿಗೆ ಕನ್ನಡ, ಅಜ್ಜಿಗೆ ತಮಿಳು. ಆವತ್ತಿನಿಂದ ಕೌಸಲ್ಯಮ್ಮನಿಗೆ ಆ ನಾಯಿಯ ಮೇಲೂ ಹೊಟ್ಟೆಕಿಚ್ಚು. ಆದರೂ ಕೊಡಲು ಮನಸ್ಸಿಲ್ಲ. ಅದು ಹೋದರೆ ಮನೆಯೊಳಗಿನ ಕನ್ನಡವೂ ಅದರ ಹಿಂದೆಯೇ ಹೋಗುತ್ತದಲ್ಲ!

ಮೂರನೆಯ ಗುರುವಾರ, ರಾಯರಿಗೆ ಎಷ್ಟು ದಿನ ಮುಖ ತಪ್ಪಿಸುವುದು ಎಂದು ಮಠಕ್ಕೆ ಹೋದಳು. ಚಪ್ಪಲಿ ಬಿಡುವಲ್ಲಿ ಗೋಡೆಗೆ ಒಂದು ಕಾಗದ ಅಂಟಿತ್ತು. ಕೈಬರಹದ ದುಂಡು ಕನ್ನಡದಲ್ಲಿ ‘ನಾಯಿ ಕಳೆದಿದೆ’ ಎಂಬ ತಲೆಬರಹ. ಸುತ್ತ ನೋಡಿ, ಕಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ದರ್ಶನ ಬಿಟ್ಟು ಮನೆಗೆ ಬಂದು ಅಡುಗೆಮನೆಯಲ್ಲಿ ಬಿಡಿಸಿ ಓದಿದಳು.

“ಕಂದು ಬಣ್ಣ, ಎಡಗಿವಿ ಮಡಿಚಿದೆ. ದೀಪಾವಳಿಯಂದು ಮೈಲಾಪೂರಿನ ನೆಂಟರ ಮನೆಯಿಂದ ಓಡಿಹೋಗಿದೆ. ಸಿಕ್ಕವರು ವಾಪಸು ಕೊಡದಿದ್ದರೂ ಚಿಂತೆಯಿಲ್ಲ. ಕೃಷ್ಣಾರ್ಪಣ ಅನ್ನದೆ ಹಾಕಿದರೆ ಅವನು ತಿನ್ನುವುದಿಲ್ಲ, ಹಸಿದುಕೊಂಡೇ ಇರುತ್ತಾನೆ. ದಯವಿಟ್ಟು ಹೇಳಿ ಹಾಕಿ. ವಿಷ್ಣುತೀರ್ಥ, ಪೆರಂಬೂರು.” ಕೆಳಗೆ ಫೋನ್ ನಂಬರು.

ಕೌಸಲ್ಯಮ್ಮ ಎರಡು ಸಲ ಓದಿದಳು. ಅಳು ಬಂತೆಂದು ನೀವು ತಿಳಿದರೆ ತಪ್ಪು. ಉರಿ ಬಂತು. “ಕೊಡದಿದ್ದರೂ ಚಿಂತೆಯಿಲ್ಲವಂತೆ! ಅಬ್ಬಾ, ಎಂಥ ದೊಡ್ಡ ಮನಸ್ಸು! ನಲವತ್ತೊಂದು ನಾಯಿ ಮುಟ್ಟಿಸಿದವಳು ನಾನು. ಇವನು ಒಂದು ನಾಯಿ ಕಳ್ಕೊಂಡು ನನಗಿಂತ ಮೇಲಾಗಿಬಿಡ್ತಾನಾ?” ಅಂದವಳೇ ಆ ಉರಿ ಆರುವ ಮೊದಲೇ ಫೋನ್ ಮಾಡಿದಳು. ಆರಿದ್ದರೆ ಮಾಡುತ್ತಿರಲಿಲ್ಲವೇನೋ.

ವಿಷ್ಣುತೀರ್ಥರು ಭಾನುವಾರ ಬೆಳಿಗ್ಗೆ ಆಟೋದಲ್ಲಿ ಬಂದರು. ರೈಲ್ವೆಯಲ್ಲಿ ಗಾರ್ಡಾಗಿದ್ದವರು, ಒಣಗಿದ ಕಡ್ಡಿಯಂಥ ಮನುಷ್ಯ. ಅವರು ಗೇಟು ತೆಗೆಯುವ ಮೊದಲೇ ನಾಯಿ ಹಾರಿ, ಅವರ ಪಂಚೆಯ ಮೇಲೆ ಉಚ್ಚೆ ಹೊಯ್ದು, ಕುಂಯ್‌ಗುಟ್ಟುತ್ತಾ ಸುತ್ತತೊಡಗಿತು. ಹದಿನೆಂಟು ದಿನ ಮೊಸರನ್ನ ಕಲಸಿದ ಕೈ ಯಾರದೆಂದು ಅದಕ್ಕೆ ನೆನಪೇ ಇದ್ದಂತಿರಲಿಲ್ಲ.

ಕೌಸಲ್ಯಮ್ಮನಿಗೆ ಕೇಳದಿರಲಾಗಲಿಲ್ಲ. “ನಿಮ್ಮನೇಲಿ ಮಕ್ಕಳು ಮರಿ ಎಲ್ಲಾ ಚೆನ್ನಾಗಿ ಕನ್ನಡ ಆಡ್ತಾರೇನೋ?”

“ಎಲ್ಲಿ ಬಂತು ತಾಯಿ! ಎಲ್ಲಾ ತಮಿಳೇ. ಮಗನಿಗೆ ಹೇಳಿ ಸೋತೆ, ಮೊಮ್ಮಕ್ಕಳಿಗೆ ಹೇಳಿ ಸೋತೆ. ಕೊನೆಗೆ ಇವನಿಗೆ ಕಲಿಸಿದೆ. ಇವನು ಎದುರಾಡೋಲ್ಲ ನೋಡಿ.”

ಹಾಗಾದರೆ ಕೌಸಲ್ಯಮ್ಮ ಹದಿನೆಂಟು ದಿನ ಉರಿದದ್ದು ಈ ಮನೆಗಾಗಿಯೇ?

ಅಷ್ಟರಲ್ಲಿ ಶ್ರೀಯಾ ಅಳುತ್ತಾ ಹೊರಗೆ ಬಂದು ನಾಯಿಯ ಕೊರಳು ತಬ್ಬಿದಳು. “ಹೋಗ್ಬಿಟ್ಟು ಬಾ ಕಂದ. ಸರಿಯಾಗಿ ಊಟ ಮಾಡು. ನನ್ನ ಮರೀಬೇಡ, ಆಯ್ತಾ?”

ವಿಷ್ಣುತೀರ್ಥರು ಹುಡುಗಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅವರ ಮುಖದ ಮೇಲೆ ಏನೋ ಹಾದು ಹೋಯಿತು. ಅದೇನೆಂದು ಕೌಸಲ್ಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವರ್ಷಗಟ್ಟಲೆ ಮಠದ ಕಂಬಕ್ಕೆ ಒರಗಿ ತಾನೇ ಹೊತ್ತ ಮುಖ ಅದು.

“ಎಷ್ಟು ಚೆಂದ ಮಾತಾಡ್ತಾಳೆ ನಿಮ್ಮ ಮೊಮ್ಮಗಳು! ಪುಣ್ಯ ಮಾಡಿದ್ದೀರಿ ತಾಯಿ” ಎಂದರು.

ನಿಜ ಹೇಳಬಹುದಿತ್ತು. ಕೌಸಲ್ಯಮ್ಮ ಸೆರಗು ಹೊದ್ದು ನೆಟ್ಟಗೆ ನಿಂತಳು. “ನಮ್ಮನೇಲಿ ಹಾಗೇ ಸ್ವಾಮಿ. ಕನ್ನಡ ಬಿಟ್ಟು ಬೇರೆ ಮಾತಿಲ್ಲ.”

ಆಟೋ ಹೊರಟಿತು. ಶ್ರೀಯಾ ಗೇಟು ಹಿಡಿದು, ಕಣ್ಣೊರೆಸುತ್ತಾ, ಅದು ಒಂದು ಸಲವೂ ತಿರುಗಿ ನೋಡಲಿಲ್ಲ ಎಂದು ಗಟ್ಟಿಯಾಗಿ ದೂರತೊಡಗಿದಳು: “ಪಾಟ್ಟೀ, ತಿರುಂಬಿಯೇ ಪಾಕ್ಕಲ ಪಾಟ್ಟೀ...”

“ಶ್!” ಕೌಸಲ್ಯಮ್ಮ ಅವಳ ಬಾಯಿ ಮುಚ್ಚಿದಳು. “ತಡಿಯೇ, ಆಟೋ ತಿರುವು ದಾಟಲಿ.”