ಮೇಷ್ಟ್ರು ಎಳೆಸುತ್ತಿದ್ದ ಬಾಣ

ಕಳೆದ ವಾರ ಪಾಂಡವಪುರ ದಾಟುವಾಗ ಬಸ್ಸಿನ ಕಿಟಕಿಯಿಂದ ಬೆಲ್ಲದ ಪಾಕದ ವಾಸನೆ ನುಗ್ಗಿತು. ಎಲ್ಲೋ ಆಲೆಮನೆ ನಡೆಯುತ್ತಿತ್ತು. ಅಯ್ಯೋ, ನಮ್ಮ ಫಿಸಿಕ್ಸ್ ಮೇಷ್ಟ್ರ ಜಗಲಿ ಕಣ್ಣಮುಂದೆ ಬಂದುಬಿಟ್ಟಿತು...

ತೊಂಬತ್ತರ ದಶಕ. ಪಿಯುಸಿಯಲ್ಲಿ ಫಿಸಿಕ್ಸ್ ಒಂದರಲ್ಲಿ ಡುಮ್ಕಿ ಹೊಡೆದಿದ್ದೆ. ಮರುಪರೀಕ್ಷೆಯಲ್ಲೂ ಹೋದರೆ ಮದುವೆಯೇ ಎಂದು ಅಪ್ಪ ಹೇಳಿಯಾಗಿತ್ತು. ಗಂಡಿನ ಕಡೆಯವರು ಬಂದು ನೋಡಿಕೊಂಡೂ ಹೋಗಿದ್ದರು. ನನಗೋ ಓದುವ ಹುಚ್ಚು. ನಮ್ಮೂರು ದೇವಲಾಪುರದಿಂದ ಪಾಂಡವಪುರದ ಚಿಕ್ಕಮ್ಮನ ಮನೆಗೆ ಬಂದು, ಆಲೆಮನೆ ಪಕ್ಕದ ಮೇಷ್ಟ್ರ ಜಗಲಿಯಲ್ಲಿ ಪಾಠಕ್ಕೆ ಕೂತೆ.

ಅವರದೊಂದು ಕಟ್ಟಳೆ. ಲೆಕ್ಕಕ್ಕೆ ಮೊದಲು ಮೂಲೆಯಲ್ಲೊಂದು ಬಾಣ ಎಳೆಯಬೇಕು. ಬಾಣದ ಕಡೆ ಓಡುವ ವೇಗ ಪ್ಲಸ್ಸು, ಎದುರು ಬರುವುದು ಮೈನಸ್ಸು. ಅಲ್ಲಿನ ಹುಡುಗರಿಗೆ ಸಲೀಸು, ನಾಲೆ ನೀರು ಹರಿಯುವ ದಿಕ್ಕಿಗೇ ಎಳೆದುಬಿಡುತ್ತಿದ್ದರು. ಒಣಭೂಮಿಯಿಂದ ಬಂದ ನನಗೆಲ್ಲಿಯ ನಾಲೆ? ಎದುರುಬದುರು ಬಂದು ಗುದ್ದಿಕೊಳ್ಳುವ ಎರಡು ಗಾಡಿಗೂ ಪ್ಲಸ್ಸೇ ಹಾಕಿ ಕೂಡಿಸುತ್ತಿದ್ದೆ.

"ಗುದ್ಕೊಂಡ್ ಗಾಡಿ ನಿಂತ್ಕಳದ್ ಬುಟ್ಟು ಇನ್ನೂ ಜೋರಾಗ್ ಓಡ್ತಾ ಅವಲ್ಲವ್ವಾ!" ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಿಮ್ಮೂರ್ ಬಸ್ಸು ಓಗೋ ಕಡೆ ಬಾಣ ಎಳ್ಕೊ. ಯಾವ ಕಡೆ ಆದ್ರೂ ಸರಿ, ಲೆಕ್ಕದ ಮಧ್ಯದಲ್ಲಿ ಮಾತ್ರ ತಿರುಗಿಸ್ಬೇಡ."

ಉತ್ತರ ಮೈನಸ್ ಬಂದರೆ ಹೆದರಿ ಆ ಗೆರೆ ಅಳಿಸುವ ಚಾಳಿಯೂ ನನಗಿತ್ತು. "ಅಳಿಸ್ಬೇಡ ಕಣವ್ವ, ತಪ್ಪಲ್ಲ ಅದು. ಗಾಡಿ ಬಾಣಕ್ಕೆ ಎದುರಾಗಿ ಓಡ್ತಾ ಅದೆ, ಅಷ್ಟೇಯ" ಎನ್ನುತ್ತಿದ್ದರು.

ಪರೀಕ್ಷೆಯಲ್ಲಿ ಅಂಥದ್ದೇ ಲೆಕ್ಕ ಬಂತು. ಉತ್ತರ ಮೈನಸ್. ಈ ಸಲ ಅಳಿಸಲಿಲ್ಲ. ಕೂದಲೆಳೆಯಲ್ಲಿ ಪಾಸಾದೆ.

ಆದರೂ ಅಪ್ಪನಿಗೆ ಆ ಗಂಡನ್ನು ಬಿಡಲು ಮನಸ್ಸಿರಲಿಲ್ಲ. ಮೇಷ್ಟ್ರಿಗೆ ಕೈಮುಗಿದು ಬರೋಣವೆಂದು ಅಪ್ಪನನ್ನು ಕರೆದುಕೊಂಡು ಹೋದರೆ ದಾರಿಯುದ್ದಕ್ಕೂ ಅವರದು ಅದೇ ಮದುವೆ ಮಾತು. ನಾನು ಮುಖ ಊದಿಸಿಕೊಂಡು ನಡೆದೆ. ಮೇಷ್ಟ್ರು ಅಪ್ಪನನ್ನು ಕೂರಿಸಿ, "ಗೌಡ್ರೇ, ಡಿಗ್ರೀಗೆ ಮಂಡ್ಯಕ್ಕೆ ಕಳಿಸ್ತೀರೋ, ಮೈಸೂರ್ಗೋ?" ಎಂದುಬಿಟ್ಟರು, ಓದಿಸುವುದು ಆಗಲೇ ತೀರ್ಮಾನವಾದ ಹಾಗೆ. ಅಪ್ಪ ತಬ್ಬಿಬ್ಬಾದರು. "ಎಲ್ಲಿಗೆ ಅಂತ ನೀವೇ ಯೋಳಿ ಮೇಷ್ಟ್ರೇ" ಎಂದರು. ಮದುವೆ ಮಾತು ಅಲ್ಲಿಗೇ ಬಿತ್ತು.

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆ ಗಂಡಿನ ವಿಷಯ ನಾನವರಿಗೆ ಹೇಳಿರಲೇ ಇಲ್ಲ. ಚಿಕ್ಕಮ್ಮ ಹೇಳಿದ್ದಳೋ, ಪಾಸಾದ ಹೆಣ್ಣುಮಕ್ಕಳ ಅಪ್ಪಂದಿರನ್ನೆಲ್ಲ ಅವರು ಹಾಗೇ ಕೇಳುತ್ತಿದ್ದರೋ... ನನ್ನ ಬದುಕು ಉಳಿದದ್ದು ಆ ಒಂದು ಪ್ರಶ್ನೆಯಿಂದ. ಗೊತ್ತಿದ್ದೇ ಕೇಳಿದಿರಾ ಎಂದು ಕೇಳಲು ಈಗ ಮೇಷ್ಟ್ರಿಲ್ಲ.